ಅರವತ್ನಾಲ್ಕರ ಮುದುಕ, ಹದಿನಾರರ ಹುಡುಗ

ಅರವತ್ತಕ್ಕೆ ಅರಳು ಮರಳು ಅಂತ ನಮ್ಮಲ್ಲಿ ಗಾದೆ. ಆದರೆ ಹದಿನಾರಕ್ಕೇ ಅರವತ್ತರ ಚಿಂತೆ ಹಚ್ಚಿಕೊಂಡ ಹುಡುಗನನ್ನು ಕಂಡಿದ್ದೀರಾ, ಸೋದರಿಯರೇ?

ಮೊನ್ನೆ ಸಾರಿಗೆ ಒಗ್ಗರಣೆ ಇಟ್ಟಿದ್ದೆ. ಮಗಳು ಫೋನಿನಲ್ಲಿ ಒಂದು ಇಂಗ್ಲಿಷ್ ಹಾಡು ಹಾಕಿದಳು. ರಾಕ್ ಸಂಗೀತವೆಂದರೆ ಬರೀ ಗಲಾಟೆ ಎಂದುಕೊಂಡಿದ್ದವಳು ನಾನು. ಇದು ಹಾಗಿರಲಿಲ್ಲ. ಮದುವೆ ಬ್ಯಾಂಡಿನವರು ಊದುತ್ತಾರಲ್ಲ, ಆ ಕ್ಲಾರಿಯೋನೆಟ್ಟಿನ ಇಂಪು! "ಅರ್ಥ ಹೇಳ್ತೀನಿ ಕೇಳಮ್ಮ" ಎಂದಳು. ಕೇಳುತ್ತಾ ನಗುತ್ತಾ ನಿಂತೆ, ಒಗ್ಗರಣೆ ಸೀದೇ ಹೋಯಿತು.

ಹಾಡಿನ ಹೆಸರು 'ವೆನ್ ಐ ಆಮ್ ಸಿಕ್ಸ್ಟಿ-ಫೋರ್', ಅಂದರೆ 'ನನಗೆ ಅರವತ್ನಾಲ್ಕಾದಾಗ'. ಹಾಡಿದವರು ಇಂಗ್ಲೆಂಡಿನ ಬೀಟಲ್ಸ್ ತಂಡದ ಪಾಲ್ ಮೆಕಾರ್ಟ್ನಿ. 1968ರಲ್ಲಿ ಧ್ಯಾನ ಕಲಿಯಲು ಹೃಷಿಕೇಶಕ್ಕೆ ಬಂದಿದ್ದ ನಾಲ್ವರಲ್ಲಿ ಒಬ್ಬರು.

ಮುದುಕನಾದ ಮೇಲೂ ನಾನು ನಿನಗೆ ಬೇಕಾಗಿರುತ್ತೇನೆಯೇ ಎಂದು ಹುಡುಗನೊಬ್ಬ ತನ್ನ ಹುಡುಗಿಯನ್ನು ಕೇಳುತ್ತಾನೆ. ಚಂದ್ರನನ್ನು ತಂದುಕೊಡುವ ಮಾತೇ ಇಲ್ಲ! ದೀಪ ಆರಿದರೆ ಫ್ಯೂಸ್ ಸರಿ ಮಾಡುವುದು, ತೋಟದಲ್ಲಿ ಕಳೆ ಕೀಳುವುದು, ಅವಳ ಹೆಣಿಗೆ, ಭಾನುವಾರದ ಸುತ್ತಾಟ, ಮೊಮ್ಮಕ್ಕಳು. ಬೇಸಿಗೆಯಲ್ಲಿ ಬಾಡಿಗೆ ಮನೆ ಹಿಡಿಯುವುದೂ ದುಬಾರಿಯಾಗದಿದ್ದರೆ ಮಾತ್ರ. ಖರ್ಚಿನ ಲೆಕ್ಕ ಹಾಕುವ ಪ್ರೇಮಗೀತೆಯನ್ನು ನಾನು ಇದೇ ಮೊದಲು ಕೇಳಿದ್ದು.

ಪಾಲ್ ಲಿವರ್‌ಪೂಲ್ ಊರಿನವರು. ನರ್ಸಾಗಿದ್ದ ತಾಯಿ 1956ರಲ್ಲಿ ತೀರಿಕೊಂಡಾಗ ಅವರಿಗೆ ಹದಿನಾಲ್ಕು ವರ್ಷ. ಹತ್ತಿ ವ್ಯಾಪಾರದಲ್ಲಿ ಕೆಲಸಕ್ಕಿದ್ದ ತಂದೆ ಜಿಮ್ ಇಬ್ಬರು ಗಂಡುಮಕ್ಕಳನ್ನು ಸಾಕಿದರು. ಅವರು ಪಿಯಾನೋ ನುಡಿಸುತ್ತಿದ್ದರು. ಅದೇ ಮನೆಯ ಪಿಯಾನೋ ಮುಂದೆ ಕೂತು, ಹದಿನಾರರ ಆಸುಪಾಸಿನಲ್ಲಿ, ಪಾಲ್ ಈ ರಾಗ ಕಟ್ಟಿದ್ದು. 1966ರಲ್ಲಿ ತಂದೆಗೆ ಅರವತ್ನಾಲ್ಕು ತುಂಬಿತು. ಆ ಡಿಸೆಂಬರಿನಲ್ಲಿ ಹಾಡಿನ ಧ್ವನಿಮುದ್ರಣವಾಯಿತು, 1967ರಲ್ಲಿ ತಟ್ಟೆ ಹೊರಬಂತು. ಎಳೆಯ ಹುಡುಗನ ದನಿಯಂತೆ ಕೇಳಲೆಂದು ಟೇಪನ್ನು ಸ್ವಲ್ಪ ವೇಗವಾಗಿ ಓಡಿಸಿದರಂತೆ!

ಹಾಡಿದಂತೆ ಬಾಳು ನಡೆಯಿತೇ? ಇಲ್ಲ. 1969ರಲ್ಲಿ ಮದುವೆಯಾದ ಲಿಂಡಾ 1998ರಲ್ಲಿ ಸ್ತನ ಕ್ಯಾನ್ಸರಿನಿಂದ ಹೋದರು. ಆಕೆಗೆ ಆಗ ಐವತ್ತಾರು. ಜೊತೆಗಾರ ಜಾನ್ ಲೆನನ್ 1980ರಲ್ಲಿ ನಲವತ್ತಕ್ಕೇ ಗುಂಡಿಗೆ ಬಲಿಯಾದರು. ಜಾರ್ಜ್ ಹ್ಯಾರಿಸನ್ 2001ರಲ್ಲಿ ಐವತ್ತೆಂಟಕ್ಕೆ ತೀರಿಕೊಂಡರು. 2006ರ ಜೂನ್ 18ರಂದು ಪಾಲ್ ಅವರಿಗೆ ಅರವತ್ನಾಲ್ಕು ತುಂಬಿತು. ಎರಡನೇ ಹೆಂಡತಿಯಿಂದ ಬೇರೆಯಾದ ಸುದ್ದಿ ಹೊರಬಿದ್ದು ಆಗಿನ್ನೂ ಒಂದೇ ತಿಂಗಳು. ಹೆಸರು, ಹಣ ಎಲ್ಲ ಇತ್ತು. ಕೇಳಿಕೊಂಡಿದ್ದ ಆ ಸಣ್ಣ ಸುಖ ಮಾತ್ರ ಆ ದಿನ ಇರಲಿಲ್ಲ.

ಇದನ್ನು ಕೇಳಿದಾಗ ನನಗೆ ನೆನಪಾದವರು ನಮ್ಮ ಮಾವನವರು. ಮನೆಯಲ್ಲಿ ಫ್ಯೂಸ್ ಹೋದರೆ ಅವರು ಸ್ಟೂಲು ಹತ್ತುವರು, ಅತ್ತೆ ಟಾರ್ಚು ಹಿಡಿಯುವರು. "ಸರಿಯಾಗಿ ಹಿಡಿಯೇ" ಎಂದು ಇವರು, "ನಿಮ್ಮ ಕೈಯೇ ಅಡ್ಡ" ಎಂದು ಅವರು. ಪ್ರತಿಸಲವೂ ಅದೇ ಜಗಳ. ಅರವತ್ತರ ಶಾಂತಿಗೆ ಇನ್ನೊಂದು ವರ್ಷವಿದೆ ಎನ್ನುವಾಗ ಅತ್ತೆ ಹೋಗಿಬಿಟ್ಟರು. ಆಮೇಲೊಂದು ರಾತ್ರಿ ಕರೆಂಟು ಹೋದಾಗ ಮಾವ ಸ್ಟೂಲು ಹತ್ತಿ, ಅಭ್ಯಾಸಬಲದಿಂದ, "ಟಾರ್ಚು ತಾರೇ" ಎಂದು ಅತ್ತೆಯನ್ನೇ ಕರೆದರು. ಮರುಕ್ಷಣ ಸುಮ್ಮನಾದರು. ನಾನು ಟಾರ್ಚು ಹಿಡಿದೆ. ಆದರೆ ಜಗಳವಾಡುವ ಸಲುಗೆ ಸೊಸೆಗೆ ಎಲ್ಲಿಂದ ಬರಬೇಕು?

ಅಂದು ರಾತ್ರಿ ಊಟಕ್ಕೆ ಕೂತಾಗ ನಮ್ಮವರನ್ನು ಕೇಳಿದೆ, "ರೀ, ನಿಮಗೆ ಅರವತ್ನಾಲ್ಕಾದಾಗ ನನಗೆ ಏನು ಸಹಾಯ ಮಾಡ್ತೀರಿ?" ಅನ್ನ ಕಲಸುತ್ತಿದ್ದ ಕೈ ನಿಂತಿತು. "ಏನಾಗಿದೆ ನಿನಗೆ?" ಎಂದರು. ನಾನು ಹಾಡಿನ ಕಥೆಯನ್ನೆಲ್ಲ ಹೇಳಿದೆ. ಏನೂ ಮಾತಾಡದೆ ಊಟ ಮುಗಿಸಿ ಎದ್ದರು.

ಮರುದಿನ ಅವರೆಕಾಳು ಹಿಸುಕಲು ಕೂತಿದ್ದೆ. ಎದುರಿಗೆ ಒಂದು ಮಣೆ ಎಳೆದುಕೊಂಡು ಬಂದು ಕೂತರು. ಅರ್ಧ ಕಾಳು ನೆಲದ ಮೇಲೆ ಹಾರಿಸಿದರು ಅನ್ನಿ. ಆದರೂ ನಾನು ಗದರಲಿಲ್ಲ.

ಸೋದರಿಯರೇ, ನೀವೂ ಒಮ್ಮೆ ಕೇಳಿ ನೋಡಿ. ಅರವತ್ನಾಲ್ಕಾಗುವವರೆಗೂ ಕಾಯಬೇಡಿ.