ಆತಕೂರಿನ ಕಾಳಿ

ಯುದ್ಧ ಗೆದ್ದುಕೊಟ್ಟವನಿಗೆ ‘ಮೆಚ್ಚಿದೆ, ಬೇಕಾದ್ದು ಕೇಳು’ ಎಂದು ದೊರೆ ಹೇಳಿದರೆ ಊರನ್ನೋ ಉಂಬಳಿಯನ್ನೋ ಕೇಳುವುದು ವಾಡಿಕೆ. ಮಣಲೇರ ಕೇಳಿದ್ದು ನಾಯಿಯನ್ನು.

ಬೆಂಗಳೂರಿನಿಂದ ಮೈಸೂರು ರಸ್ತೆ ಹಿಡಿದವರು ಮದ್ದೂರಿನಲ್ಲಿ ವಡೆಗೆಂದು ಇಳಿಯುತ್ತಾರಲ್ಲ, ಆತಕೂರು ಅದೇ ತಾಲ್ಲೂಕಿನ ಊರು. ಅಲ್ಲಿನ ಶಾಸನ ಸುಮಾರು ಕ್ರಿ.ಶ. 949–50ರದು. ಅದರ ಹಿನ್ನೆಲೆ ತಕ್ಕೋಲದ ಕಾಳಗ. ರಾಷ್ಟ್ರಕೂಟ ಮೂರನೆಯ ಕೃಷ್ಣನ ಪರವಾಗಿ ಕಾದಿದ ಗಂಗ ದೊರೆ ಇಮ್ಮಡಿ ಬೂತುಗ, ಚೋಳರ ರಾಜಾದಿತ್ಯನನ್ನು ಆನೆಯ ಮೇಲೆಯೇ ಕೊಂದ. ಕೃಷ್ಣ ಅವನಿಗೆ ಬನವಾಸಿ 12000, ಬೆಳ್ವೊಲ 300, ಪುರಿಗೆರೆ 300 ಮುಂತಾದ ನಾಡುಗಳನ್ನೇ ಕೊಟ್ಟ. ಬೂತುಗನ ಕೈಕೆಳಗೆ ಹೋರಾಡಿದ ಮಣಲೇರ ಕೇಳಿ ಪಡೆದದ್ದು ಕಾಳಿ ಎಂಬ ಬೇಟೆನಾಯಿಯನ್ನು.

ಕಾಳಿ ಹೆಚ್ಚು ದಿನ ಉಳಿಯಲಿಲ್ಲವೇನೋ. ಕೆಳಲೆ ನಾಡಿನ ಬೆಳತೂರಿನ ಪಡುವಣ ಬೆಟ್ಟದಲ್ಲಿ ಒಂದು ದೊಡ್ಡ ಹಂದಿಯ ಮೇಲೆ ಅದನ್ನು ಬಿಟ್ಟರು. ಎರಡೂ ಕಚ್ಚಾಡಿ ಸತ್ತವು. ಮಣಲೇರ ಆತಕೂರಿನ ಚಲ್ಲೇಶ್ವರ ಗುಡಿಯ ಎದುರು ಕಲ್ಲು ನಿಲ್ಲಿಸಿದ, ಭೂಮಿಯನ್ನೂ ಬಿಟ್ಟ. ನಾಯಿ ಹಂದಿಯ ಮೇಲೆ ಬಿದ್ದ ಚಿತ್ರವನ್ನೂ ಕೆತ್ತಿಸಿದ. ಮಾಮೂಲಾಗಿ ತುರುಗೋಳಿನಲ್ಲೋ ಯುದ್ಧದಲ್ಲೋ ಮಡಿದ ಮನುಷ್ಯರಿಗೆ ಸಲ್ಲುತ್ತಿದ್ದ ಮರ್ಯಾದೆ ಇದು.

ಬೇಟೆನಾಯಿಯನ್ನು ಕೊಂಡಾಡಿದವರು ಬೇರೆಡೆಯೂ ಇದ್ದರು. ಇದಕ್ಕೂ ಒಂದೂವರೆ ಶತಮಾನದಷ್ಟು ಹಿಂದೆ ಬಾಗ್ದಾದಿನಲ್ಲಿ ಕವಿ ಅಬು ನುವಾಸ್ ಬೇಟೆನಾಯಿಗಳ ಮೇಲೆ ಕವಿತೆ ಕಟ್ಟುತ್ತಿದ್ದ. ಅರಬರಲ್ಲಿ ಬೇಟೆಯ ಕವಿತೆಗೆ ತರ್ದಿಯ್ಯಾ ಎಂಬ ಪ್ರಕಾರವೇ ಬೆಳೆದಿತ್ತು. ಅವರಲ್ಲೇ ಬುಡಕಟ್ಟುಗಳ ವಂಶಾವಳಿಗೆ ನಸಬ್ ಎಂಬ ಬೇರೆಯೇ ವಿದ್ಯೆ, ಅದರದೇ ಗ್ರಂಥಗಳು. ಆತಕೂರಿನಲ್ಲಿ ಬೇಟೆ, ವಂಶಾವಳಿ ಎರಡೂ ಒಂದೇ ಬಂಡೆಯ ಮೇಲಿವೆ. ತಾನು ಸಗರ ವಂಶದವನು, ವಲಭಿಪುರದ ಒಡೆತನ ತನ್ನ ಮನೆತನದ್ದು ಎಂದು ಮಣಲೇರ ಬಿರುದುಗಳಲ್ಲಿ ಬೀಗುತ್ತಾನೆ; ಆಮೇಲೆ ನಾಯಿಯ ಕಥೆಗೆ ಬರುತ್ತಾನೆ. ವಲಭಿ ಎಲ್ಲಿಯ ಗುಜರಾತು, ಮದ್ದೂರು ಎಲ್ಲಿ! ಆ ದೂರದ ಕುಲಗೌರವಕ್ಕಿಂತ ಕಾಳಿಯ ಸಾವೇ ನನಗೆ ನಂಬಿಕೆಗೆ ಹತ್ತಿರ ಅನಿಸುತ್ತದೆ.

ಚೋಳರ ಸೋಲಿಗೆ ಸಾಕ್ಷಿ ಬೇಕಾದಾಗ ಇತಿಹಾಸಕಾರರು ಈ ನಾಯಿಯ ಕಲ್ಲಿಗೂ ಬರುತ್ತಾರೆ. ಈಗ ಅದು ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದ ಸ್ವತ್ತು. ಗುಡಿಯ ಗೊರವ ಈ ಕಲ್ಲಿಗೆ ಪೂಜೆ ಮಾಡದೆ ಉಂಡರೆ, ನಾಯಿ ಮಾಡಿದ ಪಾಪವೆಲ್ಲ ಅವನಿಗೆ ಎಂದು ಶಾಸನ ಹೆದರಿಸುತ್ತದೆ. ಹಂದಿ ಹಿಡಿದದ್ದು ಬಿಟ್ಟರೆ ಕಾಳಿ ಇನ್ನೇನು ಪಾಪ ಮಾಡಿತ್ತೋ, ಅದನ್ನು ಬರೆಸಿಲ್ಲ.