ಹೆಂಚಿನ ಮನೆಯ ಆರೈಕೆ

1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಕಾರ್ಖಾನೆ ತೆರೆದ ತರುವಾಯ ಕೆಂಪು ಹೆಂಚು ನಾಡಿನೆಲ್ಲೆಡೆ ಹರಡಿತು. ಮೈಸೂರಿನ ಹಳೆಯ ಬೀದಿಗಳಲ್ಲಿ ಅಂತಹ ಹೆಂಚಿನ ಮನೆಗಳು ಇಂದಿಗೂ ಉಂಟು. ಒಂದು ಹೆಂಚು ಒಡೆದರೆ ಮನೆ ಬೀಳದು. ಒಡೆದುದನ್ನು ಅಲಕ್ಷಿಸಿದರೆ ನೀರಿಳಿದು ಮರ ಕೊಳೆಯುತ್ತದೆ, ಆಗ ಸೂರೇ ಕುಸಿಯುತ್ತದೆ.

ಮೈಸೂರಿನಲ್ಲಿ ಮೇ ತಿಂಗಳಿನಲ್ಲೊಮ್ಮೆ, ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಮತ್ತೊಮ್ಮೆ ಮಳೆ ಬಿರುಸು. ಆದುದರಿಂದಲೇ ಹಿರಿಯರು ಬೇಸಿಗೆಯಲ್ಲಿ ತಪ್ಪದೆ ಹೆಂಚು ಕೈಯಾಡಿಸುತ್ತಿದ್ದರು.

ಪರೀಕ್ಷೆಯನ್ನು ಒಳಗಿನಿಂದಲೇ ಆರಂಭಿಸಬೇಕು. ನಡುಹಗಲಲ್ಲಿ ಬಾಗಿಲು ಕಿಟಕಿಗಳನ್ನು ಮುಚ್ಚಿ ಮೇಲೆ ನೋಡಿದರೆ, ಬಿರುಕಿನಲ್ಲಿ ಬಿಸಿಲು ಇಣುಕುವುದು ಕಾಣುತ್ತದೆ. ತೊಟ್ಟಿಕ್ಕುವ ಸ್ಥಳವೇ ಒಡಕಿನ ಸ್ಥಳವೆಂದು ಭಾವಿಸಬಾರದು. ನೀರು ಇಳಿಜಾರಿನಲ್ಲಿ ಹರಿದು ಬರುವುದರಿಂದ ಅದಕ್ಕೂ ಮೇಲ್ಗಡೆ ಹುಡುಕಬೇಕು. ರೀಪು, ತೊಲೆಗಳನ್ನು ಚಾಕುವಿನ ಮೊನೆಯಿಂದ ಚುಚ್ಚಬೇಕು. ಮೊನೆ ಸಲೀಸಾಗಿ ಇಳಿದರೆ ಗೆದ್ದಲು ಅಥವಾ ಕೊಳೆತ ಹಿಡಿದಿದೆಯೆಂದು ತಿಳಿಯಬೇಕು. ಮರವನ್ನು ಬದಲಿಸದೆ ಹೊಸ ಹೆಂಚು ಹೊದಿಸುವುದು ವ್ಯರ್ಥ.

ಬೇರೆ ಅಚ್ಚಿನ ಹೆಂಚು ಸರಿಯಾಗಿ ಕೂಡದು. ಆದಕಾರಣ ಹಳೆಯ ಹೆಂಚುಗಳನ್ನು ಹಿತ್ತಿಲಲ್ಲಿ ಕಾದಿರಿಸುವುದು ಒಳಿತು. ಒದ್ದೆ ಮಾಡಿನ ಮೇಲೆ ಯಾರನ್ನೂ ಹತ್ತಿಸಬಾರದು. ಒಣಗಿದ್ದಾಗಲೂ ಹಲಗೆ ಹಾಸಿಯೇ ಕೆಲಸ ಮಾಡಿಸಬೇಕು. ಮನೆಗಿಂತ ಮನೆ ಕಾಯುವ ಕೈಗಳು ದೊಡ್ಡವು.