ತೋಟದ ಜೋಲಿಗೆ ಯಾವ ಸೊಳ್ಳೆಪರದೆ?



ಬೆಳೆ ಬೆಳೆಯುವವನಿಗೆ ಎಲ್ಲ ರಾತ್ರಿಯೂ ಮನೆಯೊಳಗೆ ಮಲಗುವ ಭಾಗ್ಯವಿಲ್ಲ. ತೊಂಡಾಮುತ್ತೂರು, ಆನೈಕಟ್ಟಿ ಕಡೆ ಕಾಡುಹಂದಿ, ಆನೆಗಳಿಂದ ಬೆಳೆ ಕಾಯಬೇಕು. ಪೊಳ್ಳಾಚಿ, ಉಡುಮಲೈ ಕಡೆಯ ತೆಂಗಿನ ತೋಟದಲ್ಲಿ ಕರೆಂಟು ಬಂದ ಹೊತ್ತಿಗೆ ಎದ್ದು ನೀರು ಹಾಯಿಸಬೇಕು. ಹೀಗೆ ಹೊರಗೆ ಮಲಗುವವರಲ್ಲಿ ಕೆಲವರು ಹಗ್ಗದ ಮಂಚದ ಬದಲು ಎರಡು ಮರಗಳ ನಡುವೆ ನೈಲಾನ್ ಬಟ್ಟೆಯ ಜೋಲಿ ಕಟ್ಟಿಕೊಳ್ಳುತ್ತಾರೆ. ಅದು ಹಗುರ, ಮಡಿಸಿ ಚೀಲದಲ್ಲಿ ಒಯ್ಯಬಹುದು, ಒದ್ದೆ ನೆಲದ ಸಹವಾಸವೂ ತಪ್ಪುತ್ತದೆ. ಆದರೆ ಮಂಚಕ್ಕೆ ಕಟ್ಟುವ ಸೊಳ್ಳೆಪರದೆಯನ್ನೇ ಜೋಲಿಗೂ ಕಟ್ಟಿದರೆ ಸಾಲದು.

ಸೊಳ್ಳೆ ಕೆಳಗಿನಿಂದಲೂ ಕಚ್ಚುತ್ತದೆ

ಮಂಚದ ಮೇಲೆ ನಮ್ಮ ಬೆನ್ನಿಗೆ ಹಾಸಿಗೆಯ ರಕ್ಷಣೆ ಇದೆ. ಜೋಲಿಯಲ್ಲಿ ಹಾಗಲ್ಲ. ಮೈಭಾರಕ್ಕೆ ತೆಳು ಬಟ್ಟೆ ಬಿಗಿಯಾಗಿ ಬೆನ್ನಿಗೆ ಅಂಟಿಕೊಳ್ಳುತ್ತದೆ. ಸೊಳ್ಳೆ ಅಡಿಯಲ್ಲಿ ಕುಳಿತು ಅದರ ಮೂಲಕವೇ ಸೂಜಿ ಚುಚ್ಚುತ್ತದೆ. ಮೈಗಂಟಿದ ಬನಿಯನ್ನಿನ ಮೇಲಿಂದ ಸೊಳ್ಳೆ ಕಚ್ಚುವುದನ್ನು ನಾವೆಲ್ಲರೂ ಅನುಭವಿಸಿದ್ದೇವಲ್ಲ, ಇದೂ ಹಾಗೆಯೇ. ಆದ್ದರಿಂದ ಪರದೆ ಕೊಳ್ಳುವಾಗ ಮೊದಲು ಕೇಳಬೇಕಾದ ಪ್ರಶ್ನೆ: ಇದು ನನ್ನ ಬೆನ್ನನ್ನು ಕಾಯುತ್ತದೆಯೇ?

ನಾಲ್ಕು ಬಗೆಗಳು

1. ಪೆಟ್ಟಿಗೆ ಪರದೆ. ನಾಲ್ಕು ಮೂಲೆಗೆ ಹಗ್ಗ ಕಟ್ಟುವಂಥದ್ದು. ಅಂಚನ್ನು ಹಾಸಿಗೆಯಡಿ ಸಿಕ್ಕಿಸುವುದರಲ್ಲೇ ಇದರ ಶಕ್ತಿ ಇದೆ. ಜೋಲಿಯಲ್ಲಿ ಸಿಕ್ಕಿಸುವ ಜಾಗವೇ ಇಲ್ಲ. ನೆಲದವರೆಗೆ ಇಳಿಬಿಟ್ಟರೆ ಪಂಪ್‌ಸೆಟ್ ಮನೆಯ ಸಿಮೆಂಟು ನೆಲದ ಮೇಲೆ ನಡೆಯುತ್ತದೆ. ಹುಲ್ಲಿನ ಮೇಲೆ ಇಳಿಬಿಟ್ಟರೆ ಹುಲ್ಲಿನಲ್ಲಿ ಅಡಗಿದ್ದ ಸೊಳ್ಳೆ ಪರದೆಯೊಳಗೇ ಉಳಿಯುತ್ತದೆ.

2. ಅರ್ಧ ಪರದೆ. ತಲೆ, ಎದೆಗೆ ಮಾತ್ರ. ಅಗ್ಗ, ಹಗುರ. ಮೈತುಂಬ ಬಟ್ಟೆ ತೊಟ್ಟು ಮಧ್ಯಾಹ್ನ ಅರ್ಧ ಗಂಟೆ ಒರಗುವುದಕ್ಕೆ ಸರಿ, ರಾತ್ರಿಗೆ ಅಲ್ಲ.

3. ಜೋಲಿಗೇ ಹೊಲಿದ ಪರದೆ. ಒಳಗೆ ಮಲಗಿ ಜಿಪ್ ಎಳೆದರೆ ಮುಗಿಯಿತು. ಕತ್ತಲೆಯಲ್ಲಿ ಬೇಗ ಏಳಬೇಕಾದವರಿಗೆ ಅನುಕೂಲ. ಆದರೆ ಅಡಿಯಲ್ಲಿ ಇರುವುದು ಜೋಲಿಯ ಬಟ್ಟೆಯೊಂದೇ. ಒಳಗೆ ದಪ್ಪ ಕಂಬಳಿ ಹಾಸಲೇಬೇಕು. ಜಿಪ್ ಕೆಟ್ಟರೆ ಇಡೀ ಜೋಲಿಯನ್ನೇ ದುರಸ್ತಿಗೆ ಕೊಡಬೇಕು.

4. ತೋಳಿನಂಥ ಪರದೆ. ಅಂಗಿಯ ತೋಳಿನ ಹಾಗೆ ಉದ್ದನೆಯ ಚೀಲ. ಜೋಲಿ ಪೂರ್ತಿ ಇದರೊಳಗೆ ಇರುತ್ತದೆ. ಎರಡೂ ತುದಿಯನ್ನು ಜೋಲಿಯ ಹಗ್ಗದ ಮೇಲೆ ಬಿಗಿದು ಕಟ್ಟಬೇಕು. ಮೇಲೆ ಇನ್ನೊಂದು ಹಗ್ಗ ಎಳೆದು ಪರದೆಯನ್ನು ಅದಕ್ಕೆ ತೂಗುಹಾಕಿದರೆ ಮುಖಕ್ಕೆ ತಾಗುವುದಿಲ್ಲ. ಒಳಹೋಗಲು ಪಕ್ಕದಲ್ಲಿ ಜಿಪ್, ಇಲ್ಲವೇ ಅಡಿಯಲ್ಲಿ ಲಾಡಿ ಎಳೆದು ಮುಚ್ಚುವ ಬಾಯಿ ಇರುತ್ತದೆ. ಕಟ್ಟಲು ಸ್ವಲ್ಪ ಹೊತ್ತು ಹಿಡಿಯುತ್ತದೆ. ಆದರೂ ಮೇಲೆ, ಕೆಳಗೆ, ಸುತ್ತಲೂ ಕಾಯುವುದು ಇದೊಂದೇ. ದಿನವೂ ತೋಟದಲ್ಲಿ ಮಲಗುವವರು ಇದನ್ನೇ ಆರಿಸಿಕೊಳ್ಳಿ.

ಅಂಗಡಿಯಲ್ಲಿ ಸಿಗದಿದ್ದರೆ ದರ್ಜಿಯಿಂದ ಹೊಲಿಸಬಹುದು. ಸೊಳ್ಳೆಪರದೆ ನೇಯ್ಗೆಗೆ ಹೆಸರಾದ ಕರೂರು ನಮ್ಮ ನೆರೆಯಲ್ಲೇ ಇದೆ. ಉದ್ದ, ಜೋಲಿಯ ಗಂಟಿನಿಂದ ಗಂಟಿಗೆ ಅಳೆದು ಎರಡು ಮೊಳ ಹೆಚ್ಚಿರಲಿ. ಸುತ್ತಳತೆ, ಜೋಲಿಯಲ್ಲಿ ಆಳು ಮಲಗಿದಾಗ ಎಲ್ಲ ಕಡೆಯೂ ಒಂದು ಗೇಣು ಬಿಡುವು ಉಳಿಯುವಷ್ಟಿರಲಿ. ಪರದೆ ಮೈಗೆ ತಾಗಿದಲ್ಲಿ ಸೊಳ್ಳೆಗೆ ದಾರಿ ಸಿಕ್ಕಂತೆಯೇ.

ಕಣ್ಣು ಎಣಿಸಿ ಕೊಳ್ಳಿ

ಒಳ್ಳೆಯ ಪರದೆಗೆ ಒಂದು ಚದರ ಅಂಗುಲಕ್ಕೆ ಸುಮಾರು 156 ಕಣ್ಣುಗಳಿರಬೇಕು. ಅಡಿಪಟ್ಟಿ ಇಟ್ಟು ಒಂದು ಅಂಗುಲದ ಸಾಲಿನಲ್ಲಿ 12 ಅಥವಾ 13 ಕಣ್ಣು ಬಂದರೆ ಸರಿ. ಡೆಲ್ಟಾಮೆಥ್ರಿನ್ ಅಥವಾ ಪರ್ಮೆಥ್ರಿನ್ ಸೇರಿಸಿದ ದೀರ್ಘಬಾಳಿಕೆಯ ಪರದೆ ಸಿಕ್ಕರೆ ಇನ್ನೂ ಒಳ್ಳೆಯದು. ಅದರ ಮೇಲೆ ಕುಳಿತ ಸೊಳ್ಳೆ ಸಾಯುತ್ತದೆ. ವಿಯೆಟ್ನಾಮಿನ ನಿನ್ ಥುವಾನ್ ಪ್ರಾಂತದಲ್ಲಿ ಕಾಡಿನ ಕೆಲಸಕ್ಕೆ ಹೋಗುವ ಜನರಿಗೆ ಇಂಥ ಔಷಧಿ ಪರದೆಯ ಜೋಲಿಗಳನ್ನೇ ಕೊಟ್ಟು ಮಲೇರಿಯಾ ತಡೆಯುವ ಪ್ರಯೋಗ ನಡೆಯಿತು. ಅದರ ವರದಿ 2009ರಲ್ಲಿ ಪ್ರಕಟವಾಯಿತು. ಈ ಪರದೆ ಸುಮಾರು 20 ಒಗೆತ ತಾಳುತ್ತದೆ. ಮೆದು ಸೋಪಿನಲ್ಲಿ ಒಗೆದು ನೆರಳಿನಲ್ಲಿ ಒಣಗಿಸಿ. ಕೆರೆ, ಕಾಲುವೆಯಲ್ಲಿ ಮಾತ್ರ ಒಗೆಯಬೇಡಿ, ಈ ಔಷಧಿ ಮೀನಿಗೆ ವಿಷ.

ಮಗುವಿನ ಜೋಲಿ ಮರೆಯಬೇಡಿ

ತಾಯಂದಿರೇ, ತೊಲೆಗೆ ಸೀರೆ ಕಟ್ಟಿ ಮಗು ಮಲಗಿಸುವುದೂ ಜೋಲಿಯೇ. ಮಲೇರಿಯಾ ಹರಡುವ ಸೊಳ್ಳೆ ರಾತ್ರಿ ಕಚ್ಚಿದರೆ, ಡೆಂಗಿ, ಚಿಕುನ್‌ಗುನ್ಯಾ ಹರಡುವ ಈಡಿಸ್ ಸೊಳ್ಳೆ ಹಗಲಿನಲ್ಲೇ ಕಚ್ಚುತ್ತದೆ. 2006ರಲ್ಲಿ ಚಿಕುನ್‌ಗುನ್ಯಾ ಬಂದಾಗ ಕೀಲು ಹಿಡಿದು ತಿಂಗಳುಗಟ್ಟಲೆ ನರಳಿದವರು ನಮ್ಮ ಊರುಗಳಲ್ಲಿ ಇದ್ದಾರೆ. ಹಗಲಿನಲ್ಲಿ ಹೆಚ್ಚು ನಿದ್ದೆ ಮಾಡುವುದು ಮಗು. ಆದ್ದರಿಂದ ಹಗಲಿನಲ್ಲೂ ಪರದೆ ಬೇಕು, ಅದು ಸೀರೆಯ ಅಡಿಯನ್ನೂ ಸುತ್ತುವರಿಯಬೇಕು. ಲಾಡಿ, ಹಗ್ಗದ ತುದಿ ಮಗುವಿನ ಕೈಗೆ, ಕುತ್ತಿಗೆಗೆ ಎಟುಕದಂತೆ ಹೊರಗೆ ಕಟ್ಟಿ. ಪರದೆಯ ಹತ್ತಿರ ಸೊಳ್ಳೆಬತ್ತಿ, ದೀಪ ಇಡಲೇಬೇಡಿ. ಅಂಗಳದ ತೆಂಗಿನ ಚಿಪ್ಪು, ಹಳೆಯ ಟೈರುಗಳಲ್ಲಿ ನಿಂತ ನೀರನ್ನು ವಾರಕ್ಕೊಮ್ಮೆ ಚೆಲ್ಲಿ.

ಪರದೆ ತಡೆಯದ ಅಪಾಯಗಳು

ಹುಲ್ಲು, ಪೊದೆಗಳಲ್ಲಿರುವ ಕಣ್ಣಿಗೆ ಕಾಣದಷ್ಟು ಚಿಕ್ಕ ಹುಳುವೊಂದು ಸ್ಕ್ರಬ್ ಟೈಫಸ್ ಜ್ವರ ತರುತ್ತದೆ. ಅದು ಪರದೆಯ ಕಣ್ಣಿನಲ್ಲೇ ನುಸುಳಬಲ್ಲದು. ಆದ್ದರಿಂದ ಪರದೆಯನ್ನಾಗಲಿ ಹೊದಿಕೆಯನ್ನಾಗಲಿ ಹುಲ್ಲಿನ ಮೇಲೆ ಎಳೆಯಬೇಡಿ. ಜ್ವರದ ಜೊತೆ ಮೈಮೇಲೆ ಎಲ್ಲಾದರೂ ಸುಟ್ಟಂಥ ಕಪ್ಪು ಹಕ್ಕಳೆ ಕಂಡರೆ ತಕ್ಷಣ ವೈದ್ಯರಿಗೆ ತೋರಿಸಿ. ತೋಟದಲ್ಲಿ ಮಲಗಿದ್ದೆ ಎಂಬುದನ್ನೂ ಹೇಳಿ. ಬೇಗ ಗುರುತಿಸಿದರೆ ಇದಕ್ಕೆ ಒಳ್ಳೆಯ ಔಷಧಿ ಇದೆ.

ಕಾಯಿ ಹೊತ್ತ ತೆಂಗಿನ ಮರದ ಕೆಳಗೆ ಜೋಲಿ ಕಟ್ಟಬೇಡಿ. ಆನೆ ಓಡಾಡುವ ಕಡೆ ಜೋಲಿಯ ಮಾತೇ ಬೇಡ. ಪರದೆ ಸುತ್ತಿಕೊಂಡವನು ಎದ್ದು ಓಡಲಾರ, ಅಲ್ಲಿ ಭದ್ರವಾದ ಅಟ್ಟಣೆಯೇ ಗತಿ.

ರಾತ್ರಿ ಹೊಲದಲ್ಲಿ ಎಚ್ಚರವಿದ್ದ ಕುರುಬರಿಗೇ ದೇವದೂತನು ಯೇಸುಸ್ವಾಮಿಯ ಜನನದ ಸುದ್ದಿ ಮೊದಲು ತಿಳಿಸಿದನು. ಹೊಲ ಕಾಯುವುದು ದೇವರ ಕಣ್ಣಿನಲ್ಲಿ ಕೀಳು ಕೆಲಸವಲ್ಲ. ಹಾಗೆಂದು ಕಾಯುವವನು ತನ್ನ ಮೈಯನ್ನು ಕಡೆಗಣಿಸಬಾರದು, ಅದೂ ದೇವರು ಕೊಟ್ಟದ್ದೇ. ಅಕ್ಟೋಬರಿನಲ್ಲಿ ಕರುಮತ್ತಂಪಟ್ಟಿಯ ಜಪಮಾಲೆ ಮಾತೆಯ ಹಬ್ಬದ ಹೊತ್ತಿಗೆ ಹಿಂಗಾರು ಮಳೆ ಶುರುವಾಗುತ್ತದೆ, ಸೊಳ್ಳೆಯೂ ಹೆಚ್ಚುತ್ತದೆ. ಅದಕ್ಕೆ ಮುಂಚೆಯೇ ಪರದೆ ಹೊಲಿಸಿಟ್ಟುಕೊಳ್ಳಿ. ಹಳೆಯದಿದ್ದರೆ ಬೆಳಕಿಗೆ ಹಿಡಿದು ನೋಡಿ, ತೂತಿದ್ದರೆ ಇವತ್ತೇ ಹೊಲಿಯಿರಿ.